ಜಾಯಿಂಟ್ ಜಿನುಗುತ್ತಿದ್ದರೂ ನಟ್ ಬಿಗಿ ಮಾಡಬೇಡ ಅಂತಾರೆ, ಯಾಕೆ?

ಹ್ಯಾಂಗರ್ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎಎಂಇ, ಅಂದರೆ ವಿಮಾನ ನಿರ್ವಹಣೆಯ ಕೋರ್ಸ್ ಓದುತ್ತಿದ್ದೇನೆ. ಮಾಡ್ಯೂಲ್ 7 ಪರೀಕ್ಷೆ ಹತ್ತಿರ ಬಂದಿದೆ, ಪಾಸಾಗಲು 75 ಪರ್ಸೆಂಟ್ ಬೇಕು. ಅದರಲ್ಲಿ ಪೈಪ್ ಮತ್ತು ಹೋಸ್ ಭಾಗ ಸುಲಭ ಅಂದುಕೊಂಡಿದ್ದೆ. ಪ್ರಾಕ್ಟಿಕಲ್‌ನಲ್ಲಿ ತಲೆ ಕೆಟ್ಟುಹೋಯಿತು.

ನಮ್ಮಲ್ಲಿ ಕಲಿಯುವುದಕ್ಕೆ ಅಂತಲೇ ಒಂದು ಹಳೇ ಸೆಸ್ನಾ 172 ಇಟ್ಟಿದ್ದಾರೆ, ಹಾರುವುದಿಲ್ಲ. ಅದರ ಎಡಗಡೆ ಬ್ರೇಕ್ ಲೈನಿನ ಒಂದು ಜಾಯಿಂಟ್‌ನಲ್ಲಿ ಕೆಂಪು ಎಣ್ಣೆ ಜಿನುಗುತ್ತಿತ್ತು. ತೊಟ್ಟಿಕ್ಕುವಷ್ಟಲ್ಲ. ಒರೆಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ತೇವ, ಅಷ್ಟೇ. ನಾನು ಸ್ಪ್ಯಾನರ್ ತೆಗೆದುಕೊಂಡು ಬಿಗಿ ಮಾಡಲು ಹೋದೆ. ಸರ್ ಬಂದು ಕೈ ಹಿಡಿದರು, "ಬಿಗಿ ಮಾಡಬೇಡ, ಬಿಚ್ಚು" ಅಂದರು. ಬಿಚ್ಚಿದ ಕೂಡಲೇ ಪೈಪ್ ತುದಿ ಯೂನಿಯನ್ (ಪೈಪ್ ಜೋಡಿಸುವ ತುಂಡು) ಬಿಟ್ಟು ಪಕ್ಕಕ್ಕೆ ಸರಿದು ನಿಂತಿತು. ಅದನ್ನು ನೋಡಿ "ಈ ಪೈಪ್ ಬೇಡ, ಹೊಸದು ಮಾಡಿ" ಅಂತ ಹೇಳಿ ಹೊರಟೇ ಬಿಟ್ಟರು. ಪೈಪ್ ನೋಡಿದರೆ ಚೆನ್ನಾಗಿಯೇ ಇದೆ. ಕಾಲು ಇಂಚಿನ ಅಲ್ಯೂಮಿನಿಯಂ, ಗೀರು ಕೂಡ ಇಲ್ಲ.

ಸೋರುತ್ತಿದೆ ಅಂದರೆ ಸಡಿಲ ಇದೆ ಅಂತ ತಾನೇ ಅರ್ಥ? ಹಾಗಾದರೆ ಬಿಗಿ ಮಾಡಿದರೆ ಏನು ತಪ್ಪು? ಇನ್ನೊಂದು ವಿಷಯ, ನಮಗೆ ಕೊಟ್ಟ ಸ್ಕೆಚ್‌ನಲ್ಲಿ ಹೊಸ ಪೈಪಿಗೆ ಮಧ್ಯದಲ್ಲಿ ಸುಮ್ನೆ ಒಂದು ಬೆಂಡ್ ಇದೆ. ಎರಡು ತುದಿ ಎದುರುಬದುರು ಇದ್ದರೂ ನೇರವಾಗಿ ಯಾಕೆ ಹಾಕಬಾರದು? ಕೊನೆಯದಾಗಿ, ನನ್ನ ಕ್ಲಾಸ್‌ಮೇಟ್ ಎಸ್‌ಪಿ ರೋಡಲ್ಲಿ ಫ್ಲೇರಿಂಗ್ ಟೂಲ್ (ಪೈಪ್ ತುದಿ ಅಗಲಿಸುವ ಸಾಧನ) ಕಡಿಮೆ ರೇಟಿಗೆ ಸಿಗುತ್ತದೆ, ತಂದು ಹಾಸ್ಟೆಲಲ್ಲೇ ಪ್ರಾಕ್ಟೀಸ್ ಮಾಡೋಣ ಅಂತಿದ್ದಾನೆ. ತರಬಹುದಾ?

ಸರ್ ಹತ್ತಿರ ಕೇಳಬಹುದಿತ್ತು, ಆದರೆ ಅವರು ಮೊದಲು ಯೋಚನೆ ಮಾಡು ಅಂತಲೇ ಹೇಳುತ್ತಾರೆ.

---

ತಂಪು ಗಾಳಿ

ನಾನು ವಿಮಾನದವನಲ್ಲ. ದಾವಣಗೆರೆಯಲ್ಲಿ ಎಸಿ, ಫ್ರಿಜ್ ರಿಪೇರಿ ಮಾಡ್ತೀನಿ. ಆದರೆ ಫ್ಲೇರ್ ಅಂದ್ರೆ ನಮಗೆ ದಿನದ ಊಟ, ಅದಕ್ಕೇ ಬರೆಯುತ್ತಿದ್ದೇನೆ.

ತಾಮ್ರದ ಪೈಪ್ ಜಾಯಿಂಟ್‌ನಲ್ಲಿ ಗ್ಯಾಸ್ ಲೀಕ್ ಆದರೆ ಹತ್ತರಲ್ಲಿ ಎಂಟು ಸಲ ಪೈಪ್ ಕಟ್ ಮಾಡಿದ ಮೇಲೆ ಒಳಗಿನ ಚೂರು ಕೆರೆದು ತೆಗೆದಿರುವುದಿಲ್ಲ, ಇಲ್ಲಾ ಫ್ಲೇರ್ ಸೊಟ್ಟ ಆಗಿರುತ್ತದೆ. ಹೊಸ ಹುಡುಗರು ನಟ್ ಬಿಗಿ ಮಾಡಿ ಮಾಡಿ ಫ್ಲೇರ್ ಬಾಯಿ ಹರಿದು ಹಾಕುತ್ತಾರೆ. ಹಾಗಾಗಿ ನಿಮ್ಮ ಸರ್ ಹೇಳಿದ್ದು ನನಗೂ ಸರಿ ಅನಿಸುತ್ತದೆ.

ಟೂಲ್ ವಿಷಯಕ್ಕೆ ಬಂದರೆ, ತಗೊಳ್ಳಿ, ಏನೂ ಆಗಲ್ಲ. ಒಂದು ಸಲ ಗುಜರಿಯಲ್ಲಿ ವಿಮಾನದ್ದು ಅಂತ ಒಂದು ನೀಲಿ ಯೂನಿಯನ್ ಸಿಕ್ಕಿತ್ತು. ನನ್ನ ಕಾಲು ಇಂಚಿನ ಎಸಿ ನಟ್ ಅದಕ್ಕೆ ಸಲೀಸಾಗಿ ಕೂತಿತು, ಥ್ರೆಡ್ ಒಂದೇ. ಅಂದ ಮೇಲೆ ಫ್ಲೇರ್ ಕೂಡ ಒಂದೇ ಅಲ್ವಾ?

---

ಪೈಪ್ ಶಾಪ್ ಅಕ್ಕ

ತಮ್ಮಾ, ನಿನ್ನ ಸರ್‌ಗೆ ನನ್ನ ನಮಸ್ಕಾರ ಹೇಳು. ನೀನು ನನ್ನ ಮಗನಿಗಿಂತ ಚಿಕ್ಕವನಿರಬೇಕು, ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾನು ಐಟಿಐ ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆಯ ಪೈಪ್ ಶಾಪ್‌ಗೆ ಸೇರಿದವಳು. ರಿಟೈರ್ ಆಗುವ ತನಕ ಪೈಪ್ ಬಗ್ಗಿಸುವುದು, ಫ್ಲೇರ್ ಮಾಡುವುದು, ಪ್ರೆಶರ್ ಟೆಸ್ಟ್ ಮಾಡುವುದು ಇದೇ ಕೆಲಸ. ವಿಮಾನದ ಬಗ್ಗೆ ಎಲ್ಲರೂ ಎಂಜಿನ್, ರೆಕ್ಕೆ ಅಂತಾರೆ. ಪೈಪಿನ ಬಗ್ಗೆ ಯಾರೂ ಕೇಳುವುದಿಲ್ಲ. ನೀನು ಕೇಳಿದ್ದಕ್ಕೆ ಉದ್ದಕ್ಕೇ ಬರೆಯುತ್ತೇನೆ.

ನಿನ್ನ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲನ್ನು ನೀನೇ ದಾಟಿ ಹೋಗಿದ್ದೀಯ. ನಟ್ ಬಿಚ್ಚಿದ ಕೂಡಲೇ ಪೈಪ್ ಪಕ್ಕಕ್ಕೆ ಸರಿಯಿತು ಅಂದೆಯಲ್ಲ, ಅದು. ಆ ಪೈಪನ್ನು ಯಾರೋ ಎಳೆದು ಹಿಡಿದು ನಟ್ ಹಾಕಿದ್ದಾರೆ. ನಟ್ ಅದನ್ನು ಜಾಗದಲ್ಲಿ ಬಲವಂತವಾಗಿ ಹಿಡಿದುಕೊಂಡಿತ್ತು. ನಮ್ಮ ಶಾಪ್‌ನಲ್ಲಿ ಮೊದಲ ದಿನವೇ ಹೇಳಿಕೊಡುತ್ತಿದ್ದ ಮಾತು: ನಟ್ ಹಾಕುವ ಮೊದಲು ಪೈಪ್ ತಾನಾಗಿಯೇ ಬಂದು ಯೂನಿಯನ್ ಮೇಲೆ ಕೂರಬೇಕು. ಕೈಯಲ್ಲೇ ನಟ್ ಕೊನೆಯ ತನಕ ತಿರುಗಬೇಕು. ಸ್ಪ್ಯಾನರ್ ಬೇಕಾಗುವುದು ಕೊನೆಯಲ್ಲಿ, ಒತ್ತಡ ಕೊಡುವುದಕ್ಕೆ ಮಾತ್ರ. ಪೈಪನ್ನು ಎಳೆದು ತರುವುದು ನಟ್ಟಿನ ಕೆಲಸವೇ ಅಲ್ಲ.

ಈಗ ಒಳಗೆ ಏನಿದೆ ನೋಡು. ಎಎನ್ ಅನ್ನುವ ವಿಮಾನದ ಫಿಟಿಂಗ್‌ನ ಮೂತಿ 37 ಡಿಗ್ರಿ ಕೋನ್. ಪೈಪ್ ತುದಿಯನ್ನು ಅದೇ 37 ಡಿಗ್ರಿಗೆ ಅಗಲಿಸಿರುತ್ತಾರೆ, ಅದೇ ಫ್ಲೇರ್. ಹಿಂದೆ ಒಂದು ಸ್ಲೀವ್ ಆ ಫ್ಲೇರಿಗೆ ಬೆನ್ನು ಕೊಡುತ್ತದೆ, ನಟ್ ಸ್ಲೀವನ್ನು ಒತ್ತುತ್ತದೆ. ವಾಷರ್ ಇಲ್ಲ, ರಬ್ಬರ್ ಇಲ್ಲ, ಟೇಪ್ ಇಲ್ಲ. ಲೋಹಕ್ಕೆ ಲೋಹ ಸುತ್ತಲೂ ಸಮನಾಗಿ ತಾಗಿದರೆ ಎಣ್ಣೆ ನಿಲ್ಲುತ್ತದೆ. ಪೈಪ್ ಓರೆಯಾಗಿ ಬಂದರೆ ಒಂದು ಕಡೆ ಗಟ್ಟಿ ಒತ್ತುತ್ತದೆ, ಎದುರು ಕಡೆ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ನಿನ್ನ ಕೆಂಪು ಎಣ್ಣೆ ಬಂದಿದ್ದು ಅಲ್ಲಿಂದ.

ಇಂಥ ಕಡೆ ನಟ್ ಇನ್ನೂ ಬಿಗಿ ಮಾಡಿದರೆ ಸೋರುವುದು ನಿಂತರೂ ನಿಲ್ಲಬಹುದು. ಅದೇ ಕೆಟ್ಟದ್ದು. ಗಟ್ಟಿ ಒತ್ತುತ್ತಿದ್ದ ಕಡೆ ಮೆತ್ತನೆ ಅಲ್ಯೂಮಿನಿಯಂ ನಜ್ಜಾಗಿ ತೆಳ್ಳಗಾಗುತ್ತದೆ. ಫ್ಲೇರಿನ ಬುಡದಲ್ಲಿ, ಸ್ಲೀವ್ ಕೆಳಗೆ, ನಿನಗೆ ಕಾಣದ ಜಾಗದಲ್ಲಿ ಸೀಳು ಶುರುವಾಗುತ್ತದೆ. ಆಮೇಲೆ ಎಂಜಿನ್ ನಡುಕ ಅದನ್ನು ದಿನಾ ಸ್ವಲ್ಪ ಸ್ವಲ್ಪ ಬೆಳೆಸುತ್ತದೆ. ಜಿನುಗುತ್ತಿದ್ದಾಗ ಕನಿಷ್ಠ ಅದು ನಿನಗೆ ಹೇಳುತ್ತಾದರೂ ಇತ್ತು.

ಎಷ್ಟು ಬಿಗಿ ಬೇಕು ಅಂತ ಗೊತ್ತಾದರೆ ನಿನಗೇ ಆಶ್ಚರ್ಯ ಆಗುತ್ತದೆ. ಕಾಲು ಇಂಚಿನ ಅಲ್ಯೂಮಿನಿಯಂ ಪೈಪಿಗೆ ಸಾಮಾನ್ಯ ಕೋಷ್ಟಕದಲ್ಲಿ ಇರುವುದು 40ರಿಂದ 65 ಇಂಚ್-ಪೌಂಡ್. ಆರು ಇಂಚು ಉದ್ದದ ಸ್ಪ್ಯಾನರ್ ತುದಿಯಲ್ಲಿ ನಾಲ್ಕೂವರೆ ಕೆಜಿ ತೂಗು ಹಾಕಿದರೆ 60 ಇಂಚ್-ಪೌಂಡ್ ಆಗಿಬಿಡುತ್ತದೆ. ಜಿಮ್‌ಗೆ ಹೋಗುವ ಹುಡುಗ ಒಂದು ಸಲ ಮಣಿಕಟ್ಟು ತಿರುಗಿಸಿದರೆ ಅದರ ಎರಡರಷ್ಟು ಬೀಳುತ್ತದೆ. ಅದೇ ಅಳತೆಯ ಸ್ಟೀಲ್ ಪೈಪಿಗೆ 135ರಿಂದ 150. ಹಾಗಾಗಿ ಪೈಪ್ ಯಾವ ಲೋಹದ್ದು ಅಂತ ನೋಡದೆ ಟಾರ್ಕ್ (ತಿರುಗಿಸುವ ಬಲ) ಹಾಕಬಾರದು. ನಿನ್ನ ವಿಮಾನದ ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದೇ ಕೊನೆಯ ಮಾತು, ನನ್ನದಲ್ಲ. ಇನ್ನೊಂದು, ನಟ್ ತಿರುಗಿಸುವಾಗ ಯೂನಿಯನ್ನಿಗೂ ಒಂದು ಸ್ಪ್ಯಾನರ್ ಹಿಡಿದಿರಬೇಕು. ಇಲ್ಲಾಂದರೆ ಇಡೀ ಪೈಪ್ ತಿರುಚಿಕೊಳ್ಳುತ್ತದೆ.

ಸೋರಿದರೆ ಏನು ಮಾಡಬೇಕು? ಮೊದಲು ಲೈನ್‌ನಲ್ಲಿ ಪ್ರೆಶರ್ ಇಳಿಸು. ಪ್ರೆಶರ್ ಇರುವಾಗ ಯಾವ ಜಾಯಿಂಟಿಗೂ ಸ್ಪ್ಯಾನರ್ ಹಾಕಬಾರದು. ಬಿಚ್ಚು. ಕೋನ್ ಮತ್ತು ಫ್ಲೇರ್ ಎರಡನ್ನೂ ಒರೆಸಿ ಬೆಳಕಿನಲ್ಲಿ ನೋಡು. ಒಂದು ಕಸ, ಒಂದು ಗೀರು ಸಾಕು. ಚೊಕ್ಕಟ ಇದ್ದರೆ ಮತ್ತೆ ಕೂರಿಸಿ ಅದೇ ಟಾರ್ಕ್ ಹಾಕು. ಆಗಲೂ ಸೋರಿದರೆ ಬದಲಾಯಿಸು.

ಬೆಂಡ್ ವಿಷಯ. ಎರಡು ಕಡೆ ಗಟ್ಟಿಯಾಗಿ ಹಿಡಿದ ಜಾಯಿಂಟ್‌ಗಳ ಮಧ್ಯೆ ನೇರ ಪೈಪ್ ಹಾಕುವುದಿಲ್ಲ. ಪೈಪ್ ಒಳಗೆ ಬಿಸಿ ಎಣ್ಣೆ ಓಡುತ್ತಿರುತ್ತದೆ, ಹೊರಗೆ ವಿಮಾನದ ಚೌಕಟ್ಟು ತಣ್ಣಗಿರುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ಪೈಪ್ 50 ಡಿಗ್ರಿ ಜಾಸ್ತಿ ಬಿಸಿಯಾದರೆ ಒಂದು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಆ ಒಂದು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ನೇರ ಪೈಪ್ ಆದರೆ ಎರಡೂ ಫ್ಲೇರಿಗೆ ಗುದ್ದುತ್ತದೆ. ಬೆಂಡ್ ಇದ್ದರೆ ಅದು ಚೂರು ಮಣಿಯುತ್ತದೆ. ನಡುಕಕ್ಕೂ ಅದೇ ದಾರಿ. ಜೊತೆಗೆ, ನೇರ ಪೈಪನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕೂರಿಸುವುದಕ್ಕೆ ಸಾಧ್ಯವೇ ಇಲ್ಲ. ಅರ್ಧ ಮಿಲಿಮೀಟರ್ ಕಡಿಮೆಯಾದರೆ ನಟ್ ಎಳೆಯುತ್ತದೆ. ನಿನ್ನ ಹಳೇ ಪೈಪ್ ಹಾಗೇ ಆಗಿರಬಹುದು.

ಇನ್ನೊಂದು ಗುಣ ಇದೆ. ಬಗ್ಗಿದ ಪೈಪಿಗೆ ಒಳಗಿನಿಂದ ಪ್ರೆಶರ್ ಕೊಟ್ಟರೆ ಅದು ನೆಟ್ಟಗಾಗಲು ನೋಡುತ್ತದೆ. ದೊಡ್ಡ ವಿಮಾನಗಳಲ್ಲಿ ಹೈಡ್ರಾಲಿಕ್ ಪ್ರೆಶರ್ ಸಾಮಾನ್ಯವಾಗಿ 3000 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ), ಏರ್‌ಬಸ್ ಎ380 ಮತ್ತು ಬೋಯಿಂಗ್ 787ರಲ್ಲಿ 5000. ಅಷ್ಟು ಒತ್ತಡಕ್ಕೆ ಪೈಪ್ ಸುಮ್ಮನೆ ಇರುವುದಿಲ್ಲ, ಅಲುಗುತ್ತದೆ.

ಈ ಅಲುಗುವಿಕೆಯಿಂದ ಏನಾಗಬಹುದು ಅಂತ ತಿಳಿಯಬೇಕಾದರೆ 2001ರ ಆಗಸ್ಟ್ 24ರ ಏರ್ ಟ್ರಾನ್ಸಾಟ್ 236 ಓದು. ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟ ಏರ್‌ಬಸ್ ಎ330 ವಿಮಾನ, ಒಳಗೆ 306 ಜನ. ಕೆಲವು ದಿನ ಮುಂಚೆ ಅದರ ಬಲಗಡೆ ಎಂಜಿನ್ ಬದಲಾಯಿಸಿದ್ದರು. ಬಂದ ಬದಲಿ ಎಂಜಿನ್ ಹಳೇ ಮಾದರಿಯ ಜೋಡಣೆಯದ್ದು. ಫ್ಯುಯೆಲ್ ಪೈಪನ್ನು ಹೊಸ ಮಾದರಿಯದ್ದು ಹಾಕಿದರು, ಪಕ್ಕದ ಹೈಡ್ರಾಲಿಕ್ ಪೈಪ್ ಹಳೆಯದೇ ಉಳಿಯಿತು. ಎರಡೂ ಒಂದಕ್ಕೊಂದು ಹೊಂದುವ ಪೈಪ್‌ಗಳಲ್ಲ. ಮಧ್ಯೆ ಜಾಗ ಬರಲಿ ಅಂತ ಹೈಡ್ರಾಲಿಕ್ ಪೈಪನ್ನು ಸ್ವಲ್ಪ ಬಲ ಹಾಕಿ ಸರಿಸಿ ಬಿಗಿ ಮಾಡಿದರು. ನೋಡುವಾಗ ಜಾಗ ಇತ್ತು. ಪ್ರೆಶರ್ ಬಂದಾಗ ಪೈಪ್ ತನ್ನ ಹಳೇ ಜಾಗಕ್ಕೆ ವಾಪಸ್ ಹೋಯಿತು. ಜಾಗ ಮುಚ್ಚಿಹೋಯಿತು, ಎರಡು ಪೈಪ್ ಉಜ್ಜತೊಡಗಿದವು. ಅಟ್ಲಾಂಟಿಕ್ ಮೇಲೆ ಫ್ಯುಯೆಲ್ ಪೈಪ್ ಸೀಳಿತು.

ಮುಂದಿನದು ಗೊತ್ತಿರಬಹುದು. ಪೈಲಟ್‌ಗಳಿಗೆ ಕಂಡದ್ದು ಎರಡು ಕಡೆಯ ಇಂಧನ ಹೆಚ್ಚುಕಡಿಮೆ ಆಗಿರುವುದು. ಸಮ ಮಾಡಲು ಕ್ರಾಸ್‌ಫೀಡ್, ಅಂದರೆ ಎರಡು ಕಡೆಯ ಇಂಧನ ಸೇರಿಸುವ ವಾಲ್ವ್ ತೆರೆದರು. ಎಡಗಡೆಯ ಇಂಧನವೂ ಅದೇ ಸೀಳಿನಿಂದ ಹೊರಗೆ ಹೋಯಿತು. ಎರಡೂ ಎಂಜಿನ್ ನಿಂತವು. ಸುಮಾರು 19 ನಿಮಿಷ, 120 ಕಿಲೋಮೀಟರ್, ಎಂಜಿನ್ ಇಲ್ಲದೆ ತೇಲಿಕೊಂಡು ಅಜೋರ್ಸ್ ದ್ವೀಪಗಳ ಲಾಜೆಸ್‌ನಲ್ಲಿ ಇಳಿಸಿದರು. ಟೈರ್ ಸಿಡಿದವು, ಜೀವ ಒಂದೂ ಹೋಗಲಿಲ್ಲ. ಎಲ್ಲರೂ ಕ್ಯಾಪ್ಟನ್ ರಾಬರ್ಟ್ ಪಿಶೆ ಅವರ ಬಗ್ಗೆ ಮಾತಾಡುತ್ತಾರೆ, ಮಾತಾಡಬೇಕಾದ್ದೇ. ನನಗೆ ಮಾತ್ರ ಆ ವರದಿಯಲ್ಲಿ ಕಣ್ಣು ನಿಲ್ಲುವುದು ಬಲ ಹಾಕಿ ಸರಿಸಿದರು ಅನ್ನುವ ಕಡೆ. ನಿನ್ನ ಬ್ರೇಕ್ ಲೈನಿನದ್ದೂ ಅದೇ ಕಥೆ, ಅಳತೆ ಮಾತ್ರ ಚಿಕ್ಕದು.

ಟೂಲ್ ಬಗ್ಗೆ. ತಂಪು ಗಾಳಿಯವರೇ, ನೀವು ನೋಡಿದ್ದು ನಿಜ, ಅದೇ ಅಪಾಯ. ಕಾಲು ಇಂಚಿನಲ್ಲಿ ನಿಮ್ಮ ನಟ್ಟೂ 7/16-20 ಥ್ರೆಡ್ (7/16 ಇಂಚು ಅಗಲ, ಇಂಚಿಗೆ 20 ಸುತ್ತು), ಎಎನ್ ನಟ್ಟೂ 7/16-20. ಅರ್ಧ ಇಂಚಿನಲ್ಲೂ ಎರಡೂ ಒಂದೇ. 3/8ರಲ್ಲಿ ಮಾತ್ರ ನಿಮ್ಮದು 5/8-18, ನಮ್ಮದು 9/16-18, ಅಲ್ಲಿ ನಟ್ ಕೂರುವುದೇ ಇಲ್ಲ, ಬಚಾವ್. ಥ್ರೆಡ್ ಒಂದೇ ಇದ್ದರೂ ಎಸಿ ಮತ್ತು ಕಾರಿನ ಫ್ಲೇರ್ 45 ಡಿಗ್ರಿ. ಅದನ್ನು 37ರ ಕೋನ್ ಮೇಲೆ ಕೂರಿಸಿದರೆ ಫ್ಲೇರಿನ ಬುಡದಲ್ಲಿ ಗೆರೆಯಷ್ಟು ಜಾಗ ಮಾತ್ರ ತಾಗುತ್ತದೆ. ಉಳಿದದ್ದು ಗಾಳಿಯಲ್ಲಿ. ಬಿಗಿ ಮಾಡಿದರೆ ಆ ಗೆರೆಯಲ್ಲೇ ಕತ್ತರಿಸುತ್ತದೆ. ಎಸ್‌ಪಿ ರೋಡಲ್ಲಿ ಸಾಮಾನ್ಯವಾಗಿ ಸಿಗುವುದು 45ರದ್ದು. ಕೈ ಪಳಗಲಿ ಅಂತ ತಾಮ್ರದ ಮೇಲೆ ಆಡಿಕೋ ತಮ್ಮಾ, ಆದರೆ ಆ ಟೂಲ್ ಹ್ಯಾಂಗರ್ ಒಳಗೆ ಬರಬಾರದು. ಜೊತೆಗೆ, ನಿನ್ನ ಪೈಪ್ 5052-ಓ ಥರದ ಮೆತ್ತನೆ ಅಲ್ಯೂಮಿನಿಯಂ ಆಗಿದ್ದರೆ 1/8ರಿಂದ 3/8 ಇಂಚಿನ ತನಕ ಡಬಲ್ ಫ್ಲೇರ್ ಮಾಡುವುದು ಪದ್ಧತಿ. ತುದಿಯನ್ನು ಒಳಕ್ಕೆ ಮಡಿಸಿ ಎರಡು ಪದರ ಮಾಡುವುದು. ಟಾರ್ಕ್‌ಗೆ ಅದು ಬೇಗ ಹರಿಯುವುದಿಲ್ಲ.

---

ಹ್ಯಾಂಗರ್ ಹುಡುಗ

ಅಕ್ಕಾ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಹಳೇ ಪೈಪಿನ ಫ್ಲೇರನ್ನು ಲೆನ್ಸ್ ಹಿಡಿದು ನೋಡಿದೆ. ಒಂದು ಕಡೆ ಹೊಳೆಯುವ ಪಟ್ಟಿ ಅಗಲ ಇದೆ, ಎದುರು ಕಡೆ ಇಲ್ಲವೇ ಇಲ್ಲ. ಸರ್‌ಗೆ ತೋರಿಸಿದೆ. "ಹ್ಞೂಂ" ಅಂದರು, ಅವರ ಮಟ್ಟಿಗೆ ಅದು ದೊಡ್ಡ ಮೆಚ್ಚುಗೆ.

ಇನ್ನೆರಡು ಕೇಳಬಹುದಾ? ಫ್ಲೇರ್ ಇಲ್ಲದ ಫಿಟಿಂಗ್‌ಗೂ ಇದೇ ಟಾರ್ಕ್ ಲೆಕ್ಕವಾ? ಮತ್ತೆ ಚಕ್ರದ ಹತ್ತಿರ ಇರುವ ಹೋಸ್‌ಗೆ ಈ ಎಳೆತದ ತೊಂದರೆ ಇಲ್ಲ ಅಲ್ವಾ, ಅದು ಹೇಗಿದ್ದರೂ ಬಗ್ಗುತ್ತದೆ.

---

ದೋಹಾ ನೈಟ್ ಶಿಫ್ಟ್

ಹೋಸ್ ಬಗ್ಗೆ ನಾನು ಹೇಳುತ್ತೇನೆ, ಪೈಪಿಗೆ ಅಕ್ಕ ಇದ್ದಾರೆ. ಊರು ಉಡುಪಿ ಹತ್ತಿರ, ಈಗ ಗಲ್ಫಿನಲ್ಲಿ ಲೈನ್ ಮೇಂಟೆನೆನ್ಸ್.

ಬಗ್ಗುತ್ತದೆ ಅಂತ ಹೇಗೆ ಬೇಕಾದರೂ ಹಾಕಿದರೆ ಹೋಸ್ ಪೈಪಿಗಿಂತ ಬೇಗ ಕೈ ಕೊಡುತ್ತದೆ ಮಾರಾಯರೆ. ಪ್ರೆಶರ್ ಬಂದಾಗ ಹೋಸ್ ದಪ್ಪವಾಗಿ ಉದ್ದ ಕಡಿಮೆಯಾಗುತ್ತದೆ, ಶೇ. 4ರ ತನಕ. ಅದಕ್ಕೇ ಹಾಕುವಾಗ ಶೇ. 5ರಿಂದ 8 ಸಡಿಲ ಬಿಡುವುದು. ಎಳೆದು ನೇರ ಹಾಕಿದರೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ತುದಿಯ ಫಿಟಿಂಗ್ ಕಿತ್ತು ಬರುವ ಹಾಗೆ ಎಳೆಯುತ್ತದೆ. ಹೋಸ್ ಮೇಲೆ ಉದ್ದಕ್ಕೂ ಒಂದು ಗೆರೆ ಮುದ್ರಿಸಿರುತ್ತಾರೆ, ನೋಡಿದ್ದೀರಾ? ಅದು ಅಲಂಕಾರಕ್ಕಲ್ಲ. ಆ ಗೆರೆ ಸುರುಳಿ ಸುತ್ತಿಕೊಂಡಿದ್ದರೆ ಹೋಸ್ ತಿರುಚಿದೆ ಅಂತ. ಪ್ರೆಶರ್ ಬಂದಾಗ ತಿರುಚು ಬಿಡಿಸಿಕೊಳ್ಳಲು ನೋಡುತ್ತದೆ, ನಟ್ ಸಡಿಲವಾಗುತ್ತದೆ. ಗೆರೆಯ ಜೊತೆಗೇ ತಯಾರಾದ ವರ್ಷ, ಅದರ ಯಾವ ಮೂರು ತಿಂಗಳು ಅನ್ನುವುದೂ ಇರುತ್ತದೆ. ಸ್ಟೋರಿನಿಂದ ತೆಗೆದುಕೊಳ್ಳುವಾಗ ಅದನ್ನು ಓದಿ. ರಬ್ಬರ್ ಕಪಾಟಿನಲ್ಲಿ ಕೂತೇ ಮುದಿಯಾಗುತ್ತದೆ.

ಟೆಫ್ಲಾನ್ ಹೋಸ್ ಬೇರೆ ಜಾತಿ. ಸುಮಾರು 230 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ, ಯಾವ ಎಣ್ಣೆಗೂ ಜಗ್ಗುವುದಿಲ್ಲ. ಆದರೆ ಎಂಜಿನ್ ಬಳಿ ಬಿಸಿಯಲ್ಲಿ ಇದ್ದು ಇದ್ದು ಅದೇ ಆಕಾರಕ್ಕೆ ಒಗ್ಗಿಬಿಡುತ್ತದೆ. ತೆಗೆದ ಮೇಲೆ ಅದನ್ನು ನೆಟ್ಟಗೆ ಮಾಡಬಾರದು, ಒಳಪದರ ಮಡಿಚಿ ಸೀಳುತ್ತದೆ. ಎರಡು ತುದಿಗೂ ತಂತಿ ಕಟ್ಟಿ ಅದೇ ಬಾಗಿನಲ್ಲಿ ಇಡಿ. ಹೊರಗಿನ ಸ್ಟೀಲ್ ಹೆಣಿಗೆಯ ಎಳೆ ಮುರಿದಿದೆಯಾ ಅಂತ ನೋಡಲು ಹಳೇ ಬಟ್ಟೆಯಿಂದ ಒರೆಸಿ, ಎಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಬೇಡ, ಚುಚ್ಚುತ್ತದೆ.

ಕೈ ಅಂದಾಗ ನೆನಪಾಯಿತು. 3000 ಪಿಎಸ್‌ಐ ಲೈನಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಬರೇ ಮಂಜಿನ ಹಾಗೆ. ಅದನ್ನು ಕೈಯಾಡಿಸಿ ಹುಡುಕಿದರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ, ನೋವು ಕೂಡ ಮೊದಲಿಗೆ ಇರುವುದಿಲ್ಲ. ಒಳಗೆ ಬೆರಳೇ ಹೋಗಬಹುದು, ಕೂಡಲೇ ಆಪರೇಷನ್ ಬೇಕಾಗುತ್ತದೆ. ರಟ್ಟಿನ ತುಂಡು ಹಿಡಿದು ಹುಡುಕಿ.

ಇನ್ನು ಎಣ್ಣೆಯ ಬಣ್ಣ. ನಿಮ್ಮ ಸೆಸ್ನಾದ ಕೆಂಪು ಎಣ್ಣೆ ಖನಿಜ ತೈಲ, ಅದಕ್ಕೆ ನೈಟ್ರೈಲ್ ರಬ್ಬರ್ ಸೀಲ್. ನಾವು ದೊಡ್ಡ ವಿಮಾನಗಳಲ್ಲಿ ಬಳಸುವ ಸ್ಕೈಡ್ರಾಲ್ ನೇರಳೆ ಬಣ್ಣದ್ದು, ಅದಕ್ಕೆ ಇಪಿಡಿಎಂ ಅನ್ನುವ ಬೇರೆ ರಬ್ಬರಿನ ಸೀಲ್. ಅದಲು ಬದಲು ಮಾಡಿದರೆ ಸೀಲ್ ಉಬ್ಬಿ ಮೆತ್ತಗಾಗುತ್ತದೆ. ಸ್ಕೈಡ್ರಾಲ್ ಕಣ್ಣಿಗೆ ಬಿದ್ದರೆ ಏನು ಉರಿ ಅಂತ ಬಿದ್ದವರನ್ನು ಕೇಳಿ. ಕನ್ನಡಕ ಹಾಕಿಕೊಳ್ಳಿ.

---

ಪೈಪ್ ಶಾಪ್ ಅಕ್ಕ

ದೋಹಾದವರು ಚೆನ್ನಾಗಿ ಹೇಳಿದರು. ರಟ್ಟಿನ ಮಾತು ಇಬ್ಬರು ಮೂವರಿಗೆ ಹೇಳಪ್ಪ ನೀನು.

ಫ್ಲೇರ್ ಇಲ್ಲದ ಫಿಟಿಂಗ್‌ನ ಲೆಕ್ಕ ಬೇರೆ. ಅದರಲ್ಲಿ ಸ್ಲೀವ್‌ನ ಅಂಚು ಪೈಪಿನ ಮೈಗೆ ಕಚ್ಚಿಕೊಂಡಿರುತ್ತದೆ. ಆ ಕಚ್ಚಿಸುವ ಕೆಲಸವನ್ನು ಮೊದಲೇ ಶಾಪ್‌ನಲ್ಲಿ ಮಾಡಿ ಕಳಿಸುತ್ತೇವೆ. ವಿಮಾನದಲ್ಲಿ ಕೂರಿಸುವಾಗ ಕೈಯಲ್ಲಿ ಬಿಗಿಯಾಗುವ ತನಕ ತಿರುಗಿಸು. ಅಲ್ಲಿಂದ ಸ್ಪ್ಯಾನರ್‌ನಲ್ಲಿ ಆರನೇ ಒಂದು ಸುತ್ತು, ಅಂದರೆ ನಟ್ಟಿನ ಒಂದು ಮುಖ. ಸೋರಿದರೆ ಇನ್ನೊಂದು ಮುಖ. ಅಲ್ಲಿಗೆ ಮುಗಿಯಿತು, ಮೂರನೆಯದಿಲ್ಲ. ಪರೀಕ್ಷೆಗೆ ಇದನ್ನು ಇಷ್ಟಪಟ್ಟು ಕೇಳುತ್ತಾರೆ.

ಪರೀಕ್ಷೆ ಅಂದ ಮೇಲೆ ಇದನ್ನೂ ಇಟ್ಟುಕೋ. ಪೈಪಿನ ನೇರ ಭಾಗದಲ್ಲಿ ಗೀರು ಗೋಡೆದಪ್ಪದ ಶೇ. 10ಕ್ಕಿಂತ ಆಳ ಇಲ್ಲದಿದ್ದರೆ ಉಜ್ಜಿ ನುಣುಪು ಮಾಡಿ ಬಿಡಬಹುದು. ತಗ್ಗು ಪೈಪಿನ ವ್ಯಾಸದ ಶೇ. 20ಕ್ಕಿಂತ ಕಡಿಮೆ ಇದ್ದರೆ ನಡೆಯುತ್ತದೆ. ಆದರೆ ಎರಡೂ ಬೆಂಡಿನ ಹಿಮ್ಮಡಿಯಲ್ಲಿ, ಅಂದರೆ ಬಾಗಿನ ಹೊರಮೈಯಲ್ಲಿ ಇರಕೂಡದು. ಬಗ್ಗಿಸಿದಾಗ ಚಪ್ಪಟೆಯಾದರೂ ಉಳಿದ ಅಗಲ ಮೊದಲಿನ ವ್ಯಾಸದ ಶೇ. 75ಕ್ಕಿಂತ ಕಡಿಮೆ ಆಗಬಾರದು. ಆಮೇಲೆ ಪೈಪಿನ ಬಣ್ಣದ ಪಟ್ಟಿ. ಫ್ಯುಯೆಲ್ ಕೆಂಪು, ಲ್ಯೂಬ್ ಆಯಿಲ್ ಹಳದಿ, ಹೈಡ್ರಾಲಿಕ್ ನೀಲಿ ಮತ್ತು ಹಳದಿ, ಉಸಿರಾಟದ ಆಮ್ಲಜನಕ ಹಸಿರು. ಬಣ್ಣದ ಜೊತೆ ಗುರುತೂ ಇರುತ್ತದೆ, ಬಣ್ಣ ಸರಿಯಾಗಿ ಕಾಣದವರಿಗೆ ಅಂತ. ಹಿಂದಿನವರು ಯೋಚನೆ ಮಾಡಿ ಮಾಡಿದ್ದಾರೆ.

ಬಗ್ಗಿಸುವುದು ನನ್ನ ಇಷ್ಟದ ಕೆಲಸ, ಎರಡು ಮಾತು ಹೇಳದೆ ಬಿಡಲಾರೆ. ತೆಳು ಗೋಡೆಯ ದಪ್ಪ ಪೈಪನ್ನು ಖಾಲಿ ಬಗ್ಗಿಸಿದರೆ ಮಡಿಕೆ ಬೀಳುತ್ತದೆ. ಈಗ ಒಳಗೆ ಮ್ಯಾಂಡ್ರೆಲ್ (ಪೈಪ್ ಕುಸಿಯದ ಹಾಗೆ ಒಳಗಿಂದ ಆನಿಸುವ ಕಂಬಿ) ಇಟ್ಟು ಮೆಷಿನ್ನೇ ಬಗ್ಗಿಸುತ್ತದೆ. ಮುಂಚೆ 70 ಡಿಗ್ರಿಗೇ ಕರಗುವ ಒಂದು ಮಿಶ್ರಲೋಹ ಇತ್ತು. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಪೈಪಿಗೆ ತುಂಬುವುದು, ತಣ್ಣಗಾದ ಮೇಲೆ ಗಟ್ಟಿ ಕಂಬಿಯನ್ನು ಬಗ್ಗಿಸಿದ ಹಾಗೆ ಬಗ್ಗಿಸುವುದು, ಮತ್ತೆ ಬಿಸಿನೀರಿನಲ್ಲಿ ಮುಳುಗಿಸಿ ಲೋಹ ಸುರಿದುಬಿಡುವುದು. ಪೈಪ್ ಒಳಗೆ ಒಂದು ಚೂರೂ ಉಳಿಯಬಾರದು, ಟಾರ್ಚ್ ಬಿಟ್ಟು ನೋಡುತ್ತಿದ್ದೆವು. ಬಗ್ಗಿಸುವ ಮೊದಲು ವಿಮಾನದಲ್ಲಿ ಆ ಜಾಗಕ್ಕೆ ತಂತಿ ಹಿಡಿದು ದಾರಿ ಅಚ್ಚು ತೆಗೆಯುವುದು. ಆ ತಂತಿ ಸರಿಯಿದ್ದರೆ ಪೈಪ್ ತಾನಾಗಿ ಕೂರುತ್ತದೆ. ನಿನ್ನ ಹಳೇ ಪೈಪ್ ಮಾಡಿದವರು ತಂತಿ ಹಿಡಿದಿರಲಿಕ್ಕಿಲ್ಲ.

ಜಾಯಿಂಟನ್ನು ಬಿಗಿ ಮಾಡುವ ಗೋಜೇ ಬೇಡ ಅಂತ ಅಮೆರಿಕದವರು ಎಫ್-14 ವಿಮಾನದ ಟೈಟಾನಿಯಂ ಹೈಡ್ರಾಲಿಕ್ ಪೈಪ್‌ಗಳಿಗೆ ಬೇರೆ ದಾರಿ ಹುಡುಕಿದ್ದರು. ನಿಕಲ್-ಟೈಟಾನಿಯಂ ಕಪ್ಲಿಂಗನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ ಅಗಲಿಸಿ ಇಡುವುದು. ತೆಗೆದು ಪೈಪ್‌ಗಳ ತುದಿಗೆ ತೊಡಿಸಿದರೆ ಬಿಸಿಯಾಗುತ್ತಾ ತನ್ನ ಮೊದಲ ಅಳತೆಗೆ ಕುಗ್ಗಿ ಪೈಪನ್ನು ಹಿಡಿದುಬಿಡುತ್ತದೆ. ಕೈಯಲ್ಲಿ ಹಿಡಿದು ನೋಡುವ ಆಸೆ ಇತ್ತು, ಆಗಲಿಲ್ಲ.

ನೀನು ಹೊಸ ಪೈಪ್ ಮಾಡುವಾಗ ನಟ್ ಮತ್ತು ಸ್ಲೀವನ್ನು ಮೊದಲೇ ಪೈಪಿಗೆ ತೂರಿಸಿ ಆಮೇಲೆ ಫ್ಲೇರ್ ಮಾಡು. ನಗಬೇಡ, ಪ್ರತಿ ಬ್ಯಾಚ್‌ನಲ್ಲೂ ಒಬ್ಬ ಮರೆಯುತ್ತಾನೆ. ಎರಡನೇ ತುದಿಯಲ್ಲಿ ಮರೆತರೆ ಇಡೀ ಪೈಪ್ ಗುಜರಿಗೆ.

---

ತಂಪು ಗಾಳಿ

ಅಕ್ಕಾವ್ರೇ, ಒಪ್ಪಿಕೊಂಡೆ. ನನ್ನ ಹತ್ತಿರ ಇರುವ ಟೂಲ್ ತೆಗೆದು ನೋಡಿದೆ, ಮೇಲೆ 45 ಅಂತ ಕೆತ್ತಿದೆ. ಇಷ್ಟು ವರ್ಷ ಅದು ಏನು ಅಂತ ನೋಡಿರಲೇ ಇಲ್ಲ.

ನಮ್ಮ ಪಕ್ಕದ ಶೆಡ್‌ನಲ್ಲಿ ಹೈಡ್ರಾಲಿಕ್ ಪ್ರೆಸ್ ರಿಪೇರಿ ಮಾಡುತ್ತಾರೆ. ಅವರ ಹತ್ತಿರ 37 ಡಿಗ್ರಿ ಟೂಲ್ ಇದೆಯಂತೆ, ಫಿಟಿಂಗ್ ಕೂಡ 37. ಹುಡುಗ ಅದನ್ನು ಬಳಸಬಹುದಲ್ವಾ? ಕಾರ್ ಅಂಗಡಿಯಲ್ಲೂ ಎಎನ್ ಅಂತ ನೀಲಿ ಫಿಟಿಂಗ್ ಮಾರುತ್ತಾರೆ.

---

ಪೈಪ್ ಶಾಪ್ ಅಕ್ಕ

ಟೂಲ್ ಸರಿ. ಡೈ (ಪೈಪ್ ಹಿಡಿಯುವ ಅಚ್ಚು) ಚೊಕ್ಕಟ ಇದ್ದು, ಮೇಲೆ ಗೀರು ಇಲ್ಲದಿದ್ದರೆ ಪ್ರಾಕ್ಟೀಸ್‌ಗೆ ಅದನ್ನೇ ಬಳಸಲಿ. ಸ್ಟೀಲ್ ಪೈಪಿಗೆ ಬಳಸಿದ ಡೈ ಆದರೆ ಅಲ್ಯೂಮಿನಿಯಂ ಹಾಕುವ ಮೊದಲು ಒರೆಸಬೇಕು, ಸ್ಟೀಲಿನ ಚೂರು ಫ್ಲೇರಿಗೆ ಹೂತುಕೊಳ್ಳುತ್ತದೆ.

ಫಿಟಿಂಗ್ ಬೇಡ. ಪ್ರೆಸ್ಸಿನ ಫಿಟಿಂಗ್‌ದು ಕೋನ, ಥ್ರೆಡ್ ಎರಡೂ ಒಂದೇ, ಆದರೆ ಥ್ರೆಡ್ಡಿನ ನಯ ವಿಮಾನದ ಮಟ್ಟದ್ದಲ್ಲ. ಕಾರ್ ಅಂಗಡಿಯದ್ದು ನೀಲಿ ಬಣ್ಣ ಮಾತ್ರ. ನಮ್ಮಲ್ಲಿ ನೀಲಿ ಅಂದರೆ ಅಲ್ಯೂಮಿನಿಯಂ, ಕಪ್ಪು ಅಂದರೆ ಸ್ಟೀಲ್. ಅವರಲ್ಲಿ ನೀಲಿ ಅಂದರೆ ಗಿರಾಕಿಗೆ ಇಷ್ಟವಾದ ಬಣ್ಣ. ಯಾವ ಲೋಹ, ಯಾರು ಮಾಡಿದ್ದು, ಯಾವ ಬ್ಯಾಚ್ ಅಂತ ಕಾಗದ ಇಲ್ಲದ ಫಿಟಿಂಗ್ ಹಾರುವ ವಿಮಾನಕ್ಕೆ ಹಾಕುವ ಹಾಗಿಲ್ಲ. ತಮ್ಮಾ, ನಿನ್ನ ಸೆಸ್ನಾ ಹಾರದಿದ್ದರೂ ಕಾಗದ ಇರುವುದನ್ನೇ ಸ್ಟೋರಿನಲ್ಲಿ ಕೇಳು, ಕೊಡದಿದ್ದರೆ ಸರ್ ಕೈಯಲ್ಲಿ ಸಹಿ ಹಾಕಿಸಿಕೊಂಡು ಹೋಗು.